ಬಿಳಿ ದಂಟು

ಹಜಾರದಲ್ಲಿ ಹೆಂಡತಿಯ ಹೆಣ ಮಲಗಿಸಿದ್ದರೂ ಕಾಂಪೌಂಡರು ಬಾಲ್ಕನಿಯಲ್ಲಿ ಕೂತು ಸೆಲರಿ ಗಿಡಕ್ಕೆ ಕಾಗದ ಸುತ್ತುತ್ತಿದ್ದರು. ಕೆಳಗೆ ವ್ಯಾನು ಬಂದು ನಿಂತಿತ್ತು. ದಂಟುಗಳನ್ನು ಒಂದು ಕೈಯಲ್ಲಿ ಒಟ್ಟಿಗೆ ಹಿಡಿದು, ಇನ್ನೊಂದು ಕೈಯಲ್ಲಿ ಕಾಗದ ಸುತ್ತಿ, ದಾರವನ್ನು ಹಲ್ಲಿನಲ್ಲಿ ಕಚ್ಚಿ ಎಳೆದರು. ದಂಟುಗಳು ಜಾರಿ ಹರಡಿಕೊಂಡವು. ಅದು ಇಬ್ಬರು ಮಾಡುವ ಕೆಲಸ. ಇಷ್ಟು ವರ್ಷ ಹಿಡಿದುಕೊಳ್ಳುತ್ತಿದ್ದವಳು ಒಳಗೆ ಮಲಗಿದ್ದಳು.

"ಅಪ್ಪ, ಎಲ್ಲರೂ ಕಾಯ್ತಿದಾರೆ," ಎಂದಳು ಮಗಳು.

"ಬಂದೆ. ಬಿಸಿಲೇರ್ತಿದೆ ನೋಡು. ದಂಟಿಗೆ ತಾಗಿದ್ರೆ ಹಸಿರಾಗಿ ಕಹಿ ಬಂದ್ಬಿಡುತ್ತೆ."

ಅವರ ಸೆಲರಿ ಬೀದಿಗೆಲ್ಲ ಹೆಸರುವಾಸಿ. ಎಲೆ ಕೊತ್ತಂಬರಿಯಂತೆ, ದಂಟು ಬೆರಳುಗಾತ್ರ. ಕುಂಡದ ಮಣ್ಣು ಒಂದು ಹೊತ್ತೂ ಒಣಗಬಾರದು. ಕೊಯ್ಯುವುದಕ್ಕೆ ಕೆಲವು ವಾರ ಮೊದಲು, ಎಲೆಯಷ್ಟೇ ಹೊರಗಿರುವಂತೆ ದಂಟಿಗೆ ಕಾಗದ ಸುತ್ತಿ ಕತ್ತಲಲ್ಲಿಡಬೇಕು. ಆಗ ಅದು ಬೆಳ್ಳಗೆ, ಮೆತ್ತಗೆ ಆಗಿ ಯಾರ ಬಾಯಿಗೂ ಒಗ್ಗುತ್ತದೆ. ನೀರು ಹೊತ್ತದ್ದು ಹೆಂಡತಿ, ಹೊಗಳಿಕೆ ಕಾಂಪೌಂಡರಿಗೆ.

ಬಂದವರಿಗೆ ಸತ್ತವಳ ಬಗ್ಗೆ ಏನು ಹೇಳಬೇಕೆಂದು ತೋಚಲಿಲ್ಲ. ಒಬ್ಬರ ತಂಟೆಗೂ ಹೋದವಳಲ್ಲ ಎಂದರು. ಹೋಗುವುದಕ್ಕೆ ಹೊಸ್ತಿಲು ದಾಟಿದ್ದರೆ ತಾನೆ? ಎದೆ ನೋವು ಎಂದಾಗಲೂ ಆಸ್ಪತ್ರೆಗೇಕೆ, ಗ್ಯಾಸು ಎಂದು ಕಾಂಪೌಂಡರೇ ಮಾತ್ರೆ ಕೊಟ್ಟಿದ್ದರು. ಮದುವೆಗೆ ಮುಂಚೆ ಅವಳೊಂದಿಗೆ ಆಪರೇಟರಾಗಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದ ಗೆಳತಿ ಮಾತ್ರ ಬೇರೆಯೇ ಹೇಳಿದಳು. ಇವಳ ಜೊತೆ ಎರಡು ಮಾತಾಡುವ ಆಸೆಗೆ ಜನ ಪರವೂರಿಗೆ ಬೇಡದ ಟ್ರಂಕ್ ಕಾಲ್ ಬುಕ್ ಮಾಡುತ್ತಿದ್ದರಂತೆ. ಇವಳು ನಕ್ಕರೆ ಮೇಲಿನ ಮಹಡಿಗೆ ಕೇಳುತ್ತಿತ್ತಂತೆ. ಆ ನಗುವನ್ನು ಮಗಳು ಒಂದು ಸಲವೂ ಕೇಳಿರಲಿಲ್ಲ.

ಮಗಳಿಗೆ ದೂರದ ಊರಿನ ಲ್ಯಾಬೊಂದರಲ್ಲಿ ಕೆಲಸ ಸಿಕ್ಕಿತ್ತು. ನಾಳೆ ಹಾಜರಾಗದಿದ್ದರೆ ಅದು ಇನ್ನೊಬ್ಬರ ಪಾಲು. ಗೆಳತಿ ಅವಳನ್ನು ಅಡುಗೆಮನೆಗೆ ಕರೆದು, ಸಂಜೆ ಆಟೋ ತರುತ್ತೇನೆ, ಬಸ್ಸು ಹತ್ತಿಸುತ್ತೇನೆ, ನಿಮ್ಮಮ್ಮ ನನ್ನಿಂದ ಮಾತು ತೆಗೆದುಕೊಂಡಿದ್ದಳು ಎಂದಳು. ಅಷ್ಟರಲ್ಲಿ ಅಪ್ಪನ ತಂಗಿ, ಅತ್ತೆ, ಒಳಗೆ ಬಂದರು. ಅಣ್ಣನ ವಿಷಯದಲ್ಲಿ ಮೂಗು ತೂರಿಸದಿದ್ದರೆ ಅವರಿಗೆ ತಿಂದದ್ದು ಅರಗುವುದಿಲ್ಲ.

"ಇವಳು ಹೊರಟ್ರೆ ಅಣ್ಣನ್ನ ನೋಡ್ಕೊಳ್ಳೋರು ಯಾರು? ಒಂದು ತಿಂಗಳಾದ್ರೂ ಇರ್ಲಿ."

"ಇವರಮ್ಮನೂ ಒಂದು ತಿಂಗಳು ರಜ ಅಂತಲೇ ಎಕ್ಸ್‌ಚೇಂಜ್ ಬಿಟ್ಟಿದ್ದು," ಎಂದಳು ಗೆಳತಿ.

* * *

ಮಗಳು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ ಅಮ್ಮ ಮೂಲೆಯ ಕುಂಡದ ಕಾಗದ ಬಿಚ್ಚಿಟ್ಟಿದ್ದಳು. ಕೆಲವೇ ದಿನಗಳಲ್ಲಿ ದಂಟು ಕಡು ಹಸಿರಾಯಿತು. ಅಮ್ಮ ಒಂದನ್ನು ಕಟಕ್ಕೆಂದು ಮುರಿದು ಅಗಿದಳು, ಮಗಳಿಗೂ ಕೊಟ್ಟಳು. ಮಗಳು ಉಗಿದಳು.

"ಕಹಿನಮ್ಮಾ."

"ಹೂಂ. ಆದ್ರೆ ಇದಕ್ಕೊಂದು ರುಚಿ ಅಂತ ಇದೆ ಕಣೇ."

ಅಪ್ಪ ನೋಡಿದರು. ಬೈಯಲಿಲ್ಲ. ಕುಂಡವನ್ನು ಅಂಗಳಕ್ಕೆ ಬೋರಲು ಹಾಕಿ ಕೈ ತೊಳೆದುಕೊಂಡರು. ಆಮೇಲೆ ಅಮ್ಮ ತಾನಾಗಿ ಕ್ಷಮೆ ಕೇಳುವವರೆಗೂ ಮನೆಯಲ್ಲಿ ತುಟಿ ಪಿಟಕ್ಕೆನ್ನಲಿಲ್ಲ.

* * *

ಸ್ಮಶಾನದಿಂದ ಬಂದವರೆಲ್ಲ ಸಂಜೆಗೆ ಚದುರಿದರು. ಅತ್ತೆಯೂ ಹೊರಟರು. ಮಗಳು ಚೀಲವನ್ನು ಬಾಗಿಲ ಬಳಿ ಇಟ್ಟಳು. ಬಾಲ್ಕನಿಯಿಂದ ಅಪ್ಪನ ದನಿ ಕೇಳಿತು.

"ಹೋಗೋಳು ಹೋಗಮ್ಮ, ನಾನು ತಡೆಯಲ್ಲ. ಇದೊಂದು ಸ್ವಲ್ಪ ಹಿಡ್ಕೋ. ನನ್ನೊಬ್ಬನ ಕೈಲಿ ಆಗ್ತಿಲ್ಲ."

ಅವರ ಕೈ ನಡುಗುತ್ತಿತ್ತು. ನಡುಕ ನಾಟಕವಾಗಿದ್ದರೆ ಅವಳು ನಡೆದುಬಿಡುತ್ತಿದ್ದಳು. ಅದು ನಿಜವಾಗಿತ್ತು, ಅದಕ್ಕೇ ಅವಳಿಗೆ ಭಯವಾಯಿತು. ಮಂಡಿಯೂರಿ ದಂಟುಗಳನ್ನು ಎರಡೂ ಕೈಯಲ್ಲಿ ಒಟ್ಟುಗೂಡಿಸಿ ಹಿಡಿದಳು. ಅಪ್ಪ ಕಾಗದ ಸುತ್ತಿದರು, ಅದರ ಮೇಲೆ ದಾರ. ದಾರ ಅವಳ ತೋರುಬೆರಳನ್ನೂ ಸೇರಿಸಿಕೊಂಡು ಸುತ್ತಿತು. ಕೆಳಗೆ ಆಟೋದ ಹಾರ್ನ್ ಆಯಿತು.

"ಅಪ್ಪ, ಬೆರಳು."

"ಅಲ್ಲಾಡ್ಬೇಡ. ಇನ್ನೊಂದೇ ಸುತ್ತು."

ಹಾರ್ನ್ ಮತ್ತೆ ಆಯಿತು, ಈ ಸಲ ಉದ್ದಕ್ಕೆ. ಅಪ್ಪ ಉಂಡೆಯಿಂದ ಇನ್ನಷ್ಟು ದಾರ ಬಿಚ್ಚಿದರು. ಕಾಗದದ ಅಂಚಿನಿಂದ ಹೊರಗೆ ಚಾಚಿದ್ದ ಅವಳ ಬೆರಳ ತುದಿ ನೋಡನೋಡುತ್ತ ಬೆಳ್ಳಗಾಗುತ್ತಿತ್ತು.