ನದಿಯ ಕಡೆಯ ಬಾಗಿಲು

ಗುದ್ದಲಿಗೆ ಈ ಸಲವೂ ಬರಿಯ ಹೂಳೇ ಸಿಕ್ಕಿತು.

“ಇನ್ನು ಅರ್ಧ ಗಂಟೆ,” ಎಂಜಿನಿಯರ್ ಗಡಿಯಾರ ನೋಡಿಕೊಂಡ. “ಹತ್ತಕ್ಕೆ ಕೆಡವೋ ಯಂತ್ರ ಬರತ್ತೆ. ಅಷ್ಟರಲ್ಲಿ ಮೆಟ್ಟಿಲು ತೋರಿಸಿದ್ರೆ ಸರಿ. ಇಲ್ಲಾಂದ್ರೆ ನನ್ನ ಕೈಲಿ ಏನೂ ಇಲ್ಲಮ್ಮಾ.”

ಹಾಯಿ ಹೊಲಿಯುವವಳು ಮತ್ತೆ ಅಗೆದಳು. ಸೇತುವೆ ಬಂದು ದೋಣಿಗಳು ಮಾಯವಾದ ಮೇಲೆ, ಲಾರಿಗಳ ಟಾರ್ಪಾಲು ಹೊಲಿದು ಮನೆತನದ ಸೂಜಿಗೆ ತುಕ್ಕು ಹಿಡಿಯದಂತೆ ನೋಡಿಕೊಂಡವಳು ಅವಳು. ಈಗ ನಗರಸಭೆ ಹಳೆಯ ನದೀತೀರದ ಬೀದಿಯನ್ನು ಮೊದಲಿನಂತೆ ಮಾಡಲು ಹೊರಟಿತ್ತು. ದೋಣಿಗಳು ಮರಳಲಿದ್ದವು, ಇಪ್ಪತ್ತು ಹಾಯಿಗಳ ಕೆಲಸ ಅವಳಿಗೇ ಬಂದಿತ್ತು. ಆದರೆ ಹಾಯಿಯನ್ನು ಉದ್ದಕ್ಕೆ ಹಾಸಿ ಹೊಲಿಯಬಹುದಾದ ಒಂದೇ ಕೋಣೆ, ನದಿಯತ್ತ ಚಾಚಿಕೊಂಡ ಆ ಕೋಣೆ, ನಕ್ಷೆಯಲ್ಲಿ ‘ಹಿತ್ತಿಲ ಕೊಟ್ಟಿಗೆ: ತೆರವು’ ಎಂದಿತ್ತು. ಮನೆಯ ಮುಂಭಾಗವನ್ನು ಮುಟ್ಟುವಂತಿಲ್ಲ ಎಂಬುದು ಯೋಜನೆಯ ಮೊದಲ ನಿಯಮ. ಮುಂಭಾಗವೆಂದು ಅವರು ಬರೆದುಕೊಂಡದ್ದು ರಸ್ತೆಯ ಕಡೆಯನ್ನು. ನದಿಯ ಕಡೆಯೇ ಮುಂಭಾಗವೆನ್ನಲು ಹೂಳಿನಡಿ ಹೂತ ದೋಣಿ ಮೆಟ್ಟಿಲೊಂದೇ ಸಾಕ್ಷಿ.

“ಹಿತ್ತಿಲಂತೆ, ಹಿತ್ತಿಲು!” ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದ, ಈಚೆಗೆ ದೂರದ್ದೆಲ್ಲ ಮಸುಕಾಗಿ ಕಾಣುವ ಅತ್ತೆ ಗುಡುಗಿದಳು. “ಮದುವೆಯಾದ ದಿನ ದೋಣಿ ಇಳಿದು ಈ ಬಾಗಿಲಲ್ಲೇ ಒಳಗೆ ಬಂದೋಳು ನಾನು. ರಸ್ತೆ ಕಡೆ ಆಗ ಕಸ ಸುರೀತಿದ್ವಿ. ನೀವು ಹೋಗಿ ಅದಕ್ಕೇ ಬಣ್ಣ ಬಳಿಸಿದೀರಿ.”

“ಅಜ್ಜೀ, ಮೂರು ತಿಂಗಳಿಂದ ಬರ್ತಿದೀನಿ, ಒಂದು ಸಲಾನೂ ಕೂತ್ಕೋ ಅಂದಿಲ್ಲ ನೀವು. ಎಷ್ಟೂಂತ ಬೈತೀರಿ?”

“ಹಿತ್ತಿಲಿಂದ ಬಂದೋರಿಗೆ ಕುರ್ಚಿ ಹಾಕೋ ಪದ್ಧತಿ ಈ ಮನೇಲಿಲ್ಲ.”

ಅಗೆಯುತ್ತಿದ್ದ ಕೂಲಿಯವರಿಬ್ಬರು ಕಿಸಕ್ಕನೆ ನಕ್ಕರು.

“ಜಗಳ ಆಮೇಲೆ, ಅತ್ತೆ. ಇನ್ನೂ ಎಷ್ಟು ಬಲಕ್ಕೆ?”

“ಬಾಗಿಲಿಂದ ಬಲಕ್ಕೆ ಆರು ಹೆಜ್ಜೆ. ನೀರು ಒಳಗೆ ನುಗ್ಗಬಾರ್ದು ಅಂತ ಮೆಟ್ಟಿಲನ್ನ ಪಕ್ಕಕ್ಕೆ ಕಟ್ಟಿದ್ರು. ಮೇಲಿನ ಕಲ್ಲಲ್ಲಿ ದೋಣಿ ಕಟ್ಟೋ ಬಳೆ ಇದೆ.”

ಆರು ಹೆಜ್ಜೆಯಾಗಿತ್ತು, ಎಂಟೂ ಆಗಿತ್ತು. ಗುಂಡಿ ಸೊಂಟದಾಳಕ್ಕೆ ಇಳಿದಿತ್ತು. ಬೀದಿಯ ತಿರುವಿನಲ್ಲಿ ಯಂತ್ರದ ಗುರುಗುರು ಕೇಳಿಸಿತು. ಎಂಜಿನಿಯರ್ ನಕ್ಷೆಯನ್ನು ಮಡಚತೊಡಗಿದ.

ಹೊಲಿಯುವವಳ ಕೈ ನಿಂತಿತು. ಎದುರು ಬದುರು ಕುಳಿತು ಹೊಲಿಯುವಾಗ ಅತ್ತೆ “ಕತ್ತರಿ ನಿನ್ನ ಬಲಕ್ಕಿದೆ” ಎಂದರೆ ಅದು ಯಾವಾಗಲೂ ಎಡಕ್ಕೇ ಸಿಗುತ್ತಿತ್ತು. ಹೊಲಿಯುವವಳು ನದಿಗೆ ಮುಖ ಮಾಡಿ ಕೂರುತ್ತಿದ್ದಳು. ಅತ್ತೆ, ನದಿಗೆ ಬೆನ್ನು ಹಾಕಿ. ಅತ್ತೆಗೆ ಎಡಬಲ ತಿಳಿಯದೆಂಬುದು ಇಪ್ಪತ್ತು ವರ್ಷಗಳಿಂದ ಮನೆಯವರ ತಮಾಷೆಯಾಗಿತ್ತು.

“ಅತ್ತೆ, ಬಲ ಅಂದ್ರೆ ಯಾರ ಬಲ?”

“ದೋಣಿಯಿಂದ ಬರೋರ ಬಲ! ಇನ್ಯಾರದ್ದು?” ಅತ್ತೆಗೆ ಪ್ರಶ್ನೆಯೇ ವಿಚಿತ್ರವೆನಿಸಿತು. “ನದಿ ಕಡೆ ಮುಖ ಮಾಡೋರು ಮನೆ ಬಿಟ್ಟು ಹೋಗೋರು. ಅವರಿಗ್ಯಾಕೆ ದಾರಿ ಹೇಳ್ಬೇಕು?”

ಅವಳು ಗುಂಡಿಯಿಂದ ಹಾರಿ ಬಾಗಿಲಿನ ಇನ್ನೊಂದು ಪಕ್ಕಕ್ಕೆ ಓಡಿದಳು. ಆರು ಹೆಜ್ಜೆ. ಮೊದಲ ಏಟಿಗೆ ಹೂಳು. ಎರಡನೆಯದಕ್ಕೂ ಹೂಳು. ಯಂತ್ರ ಬಂದು ನಿಂತಿತು. ಮೂರನೆಯ ಏಟಿಗೆ ಗುದ್ದಲಿ ‘ಟಣ್’ ಎಂದು ಮೇಲಕ್ಕೆ ಪುಟಿಯಿತು.

ಕೂಲಿಯವರು ಕೈಗಳಿಂದಲೇ ಕೆಸರು ಬಾಚಿದರು. ಅಂಗೈಯಗಲದ ಕಬ್ಬಿಣದ ಬಳೆ. ಹಗ್ಗ ಉಜ್ಜಿ ಉಜ್ಜಿ ಸವೆದ ಕಲ್ಲು. ಅದರ ಕೆಳಗೊಂದು ಮೆಟ್ಟಿಲು, ಇನ್ನೊಂದು, ಮತ್ತೊಂದು.

“ಎಲ್ಲಿ ಒಡೀಬೇಕು, ಸಾರ್?” ಯಂತ್ರದವನು ಕೂಗಿದ.

“ಇರಪ್ಪ. ರಸ್ತೆ ಕಡೆ ಬಣ್ಣ ಬಳಿಸಿದ ಪುಣ್ಯಾತ್ಮನ್ನ ಮೊದಲು ಹುಡುಕೋಣ.”

“ಬಳಿಸಿದ್ದು ನೀವೇ ಅಲ್ವಾ, ಸಾರ್?”

ಎಂಜಿನಿಯರ್ ನಗು ತಡೆಯಲಾರದೆ, ನಕ್ಷೆಯ ‘ತೆರವು’ ಎಂಬ ಸಾಲಿನ ಮೇಲೆ ಗೀಟೆಳೆದು ಸಹಿ ಹಾಕಿದ. ಹೊಲಿಯುವವಳು ಕೆಸರುಗೈಯಲ್ಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಕೆಸರು ಮಾಡಿಕೊಂಡಳು.

ಹೊರಟ ಎಂಜಿನಿಯರ್ ರಸ್ತೆಯತ್ತ ಎರಡು ಹೆಜ್ಜೆ ಇಟ್ಟು ನಿಂತ. ಏನೋ ಯೋಚಿಸಿ, ಪಾದವೆಲ್ಲ ಹೂಳಿನಲ್ಲಿ ಹೂತುಹೋಗುತ್ತಿದ್ದರೂ ನೀರಿನ ಅಂಚಿನವರೆಗೆ ನಡೆದು, ಅಲ್ಲಿಂದ ಮನೆಯತ್ತ ತಿರುಗಿದ. ಒಂದು, ಎರಡು, ಮೂರು ಮೆಟ್ಟಿಲು ಹತ್ತಿ ಬಂದು, ಶೂಗಳನ್ನು ಕಳಚಿಟ್ಟು, ಬಾಗಿಲ ಮುಂದೆ ನಿಂತ.

ಅತ್ತೆ ಮೊಣಕಾಲಿಗೆ ಕೈಯೂರಿ ಎದ್ದಳು. ಕುರ್ಚಿಯನ್ನು ಅಂಗೈಯಿಂದ ಒರೆಸಿ, ಅವನ ಕಡೆಗೆ ಸರಿಸಿದಳು.