ತಣ್ಣಗಿದ್ದಾಗ ತಾ

ಶುಕ್ರವಾರ ಹತ್ತು ಗಂಟೆಗೆ ಅಣ್ಣ ಕಾರು ತಂದು ಶೆಡ್ಡಿನ ಮುಂದೆ ನಿಲ್ಲಿಸಿದಾಗ ಅವಳು ಟ್ರ್ಯಾಕ್ಟರಿನ ಅಡಿ ಮಲಗಿದ್ದಳು. ಸದ್ದಿನಲ್ಲೇ ಗುರುತು ಹತ್ತಿತು. ಅದು ಅಪ್ಪನ ಕಾರು. ಅವಳು ಏಳಲು ಅವಸರ ಮಾಡಲಿಲ್ಲ.

ಒಂಬತ್ತು ವರ್ಷಗಳಲ್ಲಿ ಅವನು ಅವಳ ಶೆಡ್ಡಿನ ಮುಂದೆ ನಿಂತದ್ದು ಇದೇ ಮೊದಲು. ಬೆಳಿಗ್ಗೆ ಚೋಕ್ ಎಳೆದು ಕೀಲಿ ತಿರುಗಿಸಿದರೆ ಇಂಜಿನ್ ಹತ್ತುತ್ತದೆ, ಅರೆ ನಿಮಿಷ ಗುರುಗುಟ್ಟಿ ನಿಂತುಬಿಡುತ್ತದೆ, ನಾಲ್ಕೈದು ಸಲ ಹೀಗೆ ಸತಾಯಿಸಿ ಬಿಸಿಯಾದರೆ ಮತ್ತೆ ದಿನವಿಡೀ ತಕರಾರಿಲ್ಲ ಎಂದು ಹೇಳಿದ. ಪೇಟೆಯ ಮೂವರು ಮೆಕ್ಯಾನಿಕ್‌ಗಳು ನೋಡಿ ಏನೂ ಇಲ್ಲವೆಂದು ಕಳಿಸಿದ್ದರಂತೆ. ಸೋಮವಾರ ಕಾರು ಕೊಳ್ಳುವವನು ಬರುತ್ತಾನೆ. ಅವನು ಪಳಗಿದ ಆಸಾಮಿ. ಬೆಳಗಾಗುವಾಗಲೇ ಬಂದು, ಬೇರೆ ಯಾರೂ ಮುಟ್ಟುವ ಮೊದಲು ತಾನೇ ಕೀಲಿ ತಿರುಗಿಸಿ ನೋಡುತ್ತೇನೆ ಎಂದಿದ್ದಾನೆ.

ಅವಳು ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು. ಒಲೆಯಿಂದ ಇಳಿಸಿದ ಹಂಚಿನಷ್ಟು ಕಾದಿತ್ತು.

"ಹೀಗೆ ತಂದ್ರೆ ಆ ಮೂರು ಜನ ನೋಡಿದ್ದನ್ನೇ ನಾನೂ ನೋಡೋದು. ತಣ್ಣಗಿದ್ದಾಗ ತಾ."

"ಓಡಿಸ್ಕೊಂಡು ಬಂದ್ರೆ ಬಿಸಿ ಆಗೇ ಆಗುತ್ತಲ್ಲ."

"ತಳ್ಕೊಂಡು ಬಾ."

ರಾತ್ರಿ ಇಲ್ಲೇ ಬಿಟ್ಟು ಹೋಗಲೇ ಎಂದು ಅವನು ಕೇಳಿದ. ಅವಳು ಶೆಡ್ಡನ್ನೆಲ್ಲ ತುಂಬಿ ನಿಂತಿದ್ದ ಟ್ರ್ಯಾಕ್ಟರಿನ ಕಡೆ ನೋಡಿದಳು. "ಜಾಗ ಎಲ್ಲಿದೆ? ದೊಡ್ಡ ಶೆಡ್ಡು ನಿನ್ನ ಹತ್ರಾನೇ ಇದೆಯಲ್ಲ ಅಣ್ಣ."

ಮೇಲಿನ ಬೀದಿಯ ಆ ಶೆಡ್ಡಿನಲ್ಲಿ ಅವಳು ಅಪ್ಪನ ಪಕ್ಕ ಕೂತು ಹದಿನೈದು ವರ್ಷ ಕೆಲಸ ಮಾಡಿದ್ದಳು. ಅಣ್ಣನಿಗೆ ಸ್ಪ್ಯಾನರ್ ಯಾವುದು, ಇಕ್ಕಳ ಯಾವುದು ಎಂದು ಗೊತ್ತಿರಲಿಲ್ಲ. ಅಪ್ಪ ತೀರಿಕೊಂಡ ತಿಂಗಳಿಗೇ ಅವನು ಅದಕ್ಕೆ ಬೀಗ ಜಡಿದ. ಹೆಂಗಸಿನ ಕೈಗೆ ಯಾರು ಗಾಡಿ ಕೊಡುತ್ತಾರೆ ಎಂದು ಗಿರಾಕಿಗಳ ಎದುರೇ ನಕ್ಕ. ಅವಳು ಅಪ್ಪನ ಸಲಕರಣೆ ಪೆಟ್ಟಿಗೆಯನ್ನು ತಳ್ಳುಗಾಡಿಗೆ ಹೇರಿಕೊಂಡು ಹೊರಟಾಗ ಗಿರಣಿ ಮುಂದಿನ ಏರಿನಲ್ಲಿ ಗಾಲಿ ಹೂತುಕೊಂಡಿತು. ಅವಳ ಹಿಂದೆಯೇ ಇದೇ ಕಾರಿನಲ್ಲಿ ಬಂದ ಅಣ್ಣ ಇಳಿಯಲಿಲ್ಲ. ಅವಳು ಒದ್ದಾಡಿ ದಾರಿ ಬಿಡುವವರೆಗೂ ಹಾರನ್ ಒತ್ತಿಯೇ ಇದ್ದ. ಮನೆಮನೆಯವರೂ ಹೊಸ್ತಿಲಿಗೆ ಬಂದು ನೋಡಿದರು. ಒಬ್ಬರೂ ಕೈ ಹಾಕಲಿಲ್ಲ.

ಶನಿವಾರ ಬೆಳಿಗ್ಗೆ ಆರು ಗಂಟೆಗೆ ಅವಳು ಸ್ಟೂಲು ಹೊರಗೆ ಹಾಕಿಕೊಂಡು ಕೂತಳು. ಅಣ್ಣ ಬಾಗಿಲು ತೆರೆದು, ಒಂದು ಕೈ ಸ್ಟೀರಿಂಗಿಗೆ, ಹೆಗಲು ಬಾಗಿಲ ಕಂಬಕ್ಕೆ ಕೊಟ್ಟು ತಳ್ಳುತ್ತ ಬರುತ್ತಿದ್ದ. ಅಂಗಿ ಬೆನ್ನಿಗೆ ಅಂಟಿತ್ತು. ಗಿರಣಿ ಮುಂದಿನ ಅದೇ ಏರಿನಲ್ಲಿ ಕಾರು ನಿಂತು, ಒಂದು ಗೇಣು ಹಿಂದಕ್ಕೆ ಜಾರಿತು.

"ಏನ್ ಸ್ವಾಮಿ, ಕಾರಿಗೂ ವಾಕಿಂಗ್ ಅಭ್ಯಾಸ ಮಾಡಿಸ್ತಿದ್ದೀರಾ?" ಎಂದ ದರ್ಜಿ, ತನ್ನ ಕಟ್ಟೆಯ ಮೇಲಿಂದ.

ಅವಳ ಹೊಟ್ಟೆ ತಣ್ಣಗಾಯಿತು. ಆದರೆ ದರ್ಜಿ ನಗುತ್ತಲೇ ಇಳಿದು ಬಂದ, ಗಿರಣಿಯವನೂ ಬಂದ, ಮೂವರೂ ಸೇರಿ ತಳ್ಳಿ ಕಣ್ಣು ಮಿಟುಕಿಸುವಷ್ಟರಲ್ಲಿ ಕಾರನ್ನು ಅವಳ ಮುಂದೆ ತಂದು ನಿಲ್ಲಿಸಿದರು. ಕೈಗೆ ಬಂದದ್ದನ್ನು ಯಾರೋ ಕಿತ್ತುಕೊಂಡ ಹಾಗಾಯಿತು ಅವಳಿಗೆ.

ಮಾತಾಡದೆ ಗಾಳಿ ಸೋಸುವ ಡಬ್ಬಿಯ ಮುಚ್ಚಳ ಬಿಚ್ಚಿದಳು. ಕೀಲಿ ತಿರುಗಿಸು ಎಂದಳು. ಇಂಜಿನ್ ಹತ್ತಿತು, ಕಪ್ಪು ಹೊಗೆ ಕಾರಿತು, ಕೆಮ್ಮಿ ನಿಂತಿತು. ಎರಡನೆಯ ಸಲ ಅವಳು ಗಾಳಿ ತಡೆಯುವ ಚೋಕಿನ ತಟ್ಟೆಯನ್ನು ಸ್ಕ್ರೂಡ್ರೈವರಿನ ತುದಿಯಿಂದ ಕೂದಲೆಳೆಯಷ್ಟು ಓರೆ ಮಾಡಿ ಹಿಡಿದಳು. ಇಂಜಿನ್ ನಿಲ್ಲಲಿಲ್ಲ. ಬಿಟ್ಟಳು, ಇಂಜಿನ್ನಿನ ಉಸಿರು ಕಟ್ಟಿತು. ಹತ್ತಿದ ಕೂಡಲೇ ಆ ತಟ್ಟೆಯನ್ನು ತುಸು ಎಳೆದು ಗಾಳಿ ಬಿಡಬೇಕಾದ ರಬ್ಬರ್ ಪೈಪು, ಕಿರುಬೆರಳಿನಷ್ಟು ಉದ್ದದ್ದು, ಬುಡದಲ್ಲಿ ಸೀಳಿತ್ತು. ಬಿಸಿಯಾದ ಮೇಲೆ ಚೋಕ್ ಬೇಕಿಲ್ಲ. ಪೇಟೆಯ ಆ ಮೂವರು ಮೆಕ್ಯಾನಿಕ್‌ಗಳಿಗೆ ಅದು ಕಾಣದ್ದರಲ್ಲಿ ಆಶ್ಚರ್ಯವಿರಲಿಲ್ಲ.

ಅವಳು ಪೈಪನ್ನು ಕಿತ್ತು ಜೇಬಿಗೆ ಹಾಕಿಕೊಂಡಳು.

"ಹೊಸದು ಹಾಕಿ ತಟ್ಟೆಯ ಸಂದು ಹೊಂದಿಸ್ಬೇಕು. ಅದು ತಣ್ಣಗಿದ್ದಾಗ ಮಾಡೋ ಕೆಲಸ. ಈಗ ಬಿಸಿ ಆಗೋಯ್ತು. ನಾಳೆ ತಾ."

ಅಣ್ಣ ಗೋಡೆಯ ಮೊಳೆಗೆ ನೇತು ಹಾಕಿದ್ದ, ಅಂಥದೇ ಹೊಸ ಪೈಪಿನ ಸುರುಳಿಯನ್ನು ನೋಡಿದ. ಆಮೇಲೆ ಅವಳನ್ನು.

"ನೀನೇ ಬೆಳಿಗ್ಗೆ ಮನೆ ಹತ್ರ ಬರಬಹುದಲ್ವಾ? ಅಲ್ಲೂ ತಣ್ಣಗೇ ಇರುತ್ತೆ."

"ಬರಬಹುದು. ಇವತ್ತೂ ಬರಬಹುದಿತ್ತು."

ಅವನು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಕಾರು ಹತ್ತಿ ಕೂತ ಮೇಲೆ ಅವಳು ಕಿಟಕಿಗೆ ಬಾಗಿದಳು.

"ಒಬ್ಬನೇ ತಾ."

ಭಾನುವಾರ ಬೀದಿಯವರೆಲ್ಲ ಮನೆಯಲ್ಲೇ ಇರುವ ದಿನ. ಅವಳು ಅಳತೆಗೆ ಕತ್ತರಿಸಿದ ಪೈಪನ್ನು ಮಡಿಲಲ್ಲಿಟ್ಟುಕೊಂಡು, ಕಾಫಿ ಲೋಟ ಹಿಡಿದು ಸ್ಟೂಲಿನ ಮೇಲೆ ಕೂತಿದ್ದಳು. ಏರಿನಲ್ಲಿ ಕಾರು ನಿಂತಿತು. ದರ್ಜಿ ಕಟ್ಟೆಯಿಂದ ಇಳಿಯಹೋದ. ಅಣ್ಣ ತಲೆಯೆತ್ತದೆ, ಬೇಡವೆಂದು ಕೈ ಆಡಿಸಿದ.

ಹೊಸ್ತಿಲುಗಳಲ್ಲಿ ಜನ ನಿಂತಿದ್ದರು. ಕಾರು ಒಂದು ಗೇಣು ಮುಂದೆ ಬಂತು, ಹಿಂದೆ ಜಾರಿತು, ಮತ್ತೆ ಮುಂದೆ ಬಂತು. ಅವಳು ಏಳಲಿಲ್ಲ. ಲೋಟದಲ್ಲಿ ಇನ್ನೂ ಅರ್ಧ ಉಳಿದಿತ್ತು.