ಖಾಲಿ ಬೋಗಿಯಲ್ಲೊಂದು ಟವೆಲ್ಲು

ನನ್ನ ಬಾಯಿ ಸರಿ ಇಲ್ಲ, ಒಪ್ಕೋತೀನಿ. ದೇವನಗೊಂದಿ ಸ್ಟೇಷನ್ನಲ್ಲಿ ಯಾರನ್ನ ಬೇಕಾದ್ರೂ ಕೇಳಿ, ಪಿಳ್ಳಮ್ಮನ ಬಾಯಿಗೆ ಹೆದರದವರಿಲ್ಲ.

ಶರಣಮ್ಮ ಯಾದಗಿರಿ ಕಡೆಯವಳು. ಮಾಲೂರಲ್ಲಿ ರೂಮು ಮಾಡ್ಕೊಂಡು ವೈಟ್‌ಫೀಲ್ಡಿಗೆ ಕಟ್ಟಡದ ಕೆಲಸಕ್ಕೆ ಬರ್ತಿದ್ಲು. ನಾನು ಅಲ್ಲೇ ಕಂಪನಿ ಕ್ಯಾಂಟೀನಲ್ಲಿ ತರಕಾರಿ ಹೆಚ್ಚೋಳು. ಎರಡು ವರ್ಷದಿಂದ ದಿನಾ ಬೆಳಗ್ಗೆ ಅವಳು ಮಾಲೂರಲ್ಲೇ ರೈಲು ಹತ್ತಿ, ಪಕ್ಕದ ಸೀಟಿಗೆ ತನ್ನ ಕೆಂಪು ಟವೆಲ್ಲು ಹಾಕಿ, ದೇವನಗೊಂದೀಲಿ ಹತ್ತೋ ನನಗೆ ಜಾಗ ಹಿಡೀತಿದ್ಲು.

ಹೋದ ವಾರ ಒಂದಿನ ಆ ಜಾಗದಲ್ಲಿ ಒಬ್ಬ ಬಸುರಿ ಹುಡುಗಿ ಕೂತಿದ್ಲು. ನನ್ನ ಮಂಡಿ ಬೇರೆ ಹಿಡ್ಕೊಂಡಿತ್ತು. ಹಾಳಾದ್ದು, ಶರಣಮ್ಮನ್ನ ನೋಡಿ ಬಂದೇಬಿಡ್ತು ಬಾಯಿಗೆ.

"ನಮ್ಮೂರಿಗೆ ಬಂದು ನಮಗೇ ಸೀಟಿಲ್ಲ ಅಂತೀಯಾ?"

ಶರಣಮ್ಮ ಟವೆಲ್ಲು ಮಡಚಿ ಮಡಿಲಲ್ಲಿ ಇಟ್ಕೊಂಡ್ಲು. ಮಾರನೇ ದಿನದಿಂದ ನಾನು ಬೇರೆ ಬೋಗಿ ಹತ್ತಿದೆ. ತಪ್ಪು ನಂದೇ ಅಂತ ಗೊತ್ತಿದ್ದೂ ಹಠ.

ನಿನ್ನೆ ಅವಳ ಪಕ್ಕದ ರೂಮಿನ ಸವಿತಾ ಸುದ್ದಿ ಹೇಳಿದ್ಲು. ಕಟ್ಟಡ ಮುಗೀತಂತೆ. ನಾಳೆ ಬೆಳಗ್ಗೆ ಗಂಟುಮೂಟೆ ಕಟ್ಕೊಂಡು ಇದೇ ಗಾಡೀಲಿ ಬೆಂಗಳೂರಿನ ಆಚೆ ತುದಿ ಪೀಣ್ಯಕ್ಕೆ ಹೋಗಿಬಿಡ್ತಾಳಂತೆ, ಅಲ್ಲೇ ಫ್ಯಾಕ್ಟರಿ ಕೆಲಸವಂತೆ. ಫೋನು ಗೀನು ಅವಳ ಹತ್ರ ಇಲ್ಲ. ನಾಳೆ ಕೈತಪ್ಪಿದ್ರೆ ಆ ಮಾತು ಹಾಗೇ ಉಳ್ಕೊಂಡುಬಿಡುತ್ತೆ ಅಂತ ರಾತ್ರಿ ನಿದ್ದೆ ಹತ್ತಲಿಲ್ಲ.

ಇವತ್ತೇ ಬಸ್ ಮುಷ್ಕರ ಬೇರೆ. ಮಾಮೂಲಿ ಗಾಡಿ ಬಂದಾಗ ಬಾಗಿಲಲ್ಲೆಲ್ಲ ಜನ ಜೋತಾಡ್ತಿದ್ರು. ಕಿಟಕಿ ಕಿಟಕಿಗೂ ಶರಣಮ್ಮಾ ಅಂತ ಕೂಗ್ಕೊಂಡು ಓಡಿದೆ. ಗಾಡಿ ಹೋಗೇಬಿಡ್ತು. ಕಲ್ಲುಬೆಂಚಿನ ಮೇಲೆ ಕೂತು ಅತ್ತೆ, ನಾಚಿಕೆ ಯಾಕೆ.

ಸ್ಟೇಷನ್ ಮಾಸ್ಟರು ಬಂದು ಹಿಂದೆ ಇನ್ನೊಂದು ಗಾಡಿ ಬಿಟ್ಟಿದ್ದಾರೆ, ಎಕ್ಸ್‌ಟ್ರಾ, ಅಂದ್ರು. ತಮಾಷೆ ಮಾಡ್ಬೇಡಿ ಸಾರ್ ಅಂತ ಅವರ ಮೇಲೂ ರೇಗಿದೆ. ಅರ್ಧ ಗಂಟೆಗೆ ನಿಜವಾಗ್ಲೂ ಬಂತು. ಯಾರಿಗೂ ಗೊತ್ತಿಲ್ಲದ ಗಾಡಿ, ಬೋಗಿಗಳೆಲ್ಲ ಖಾಲಿ ಖಾಲಿ.

ಹೆಂಗಸರ ಬೋಗಿ ಹತ್ತಿದ್ರೆ ಶರಣಮ್ಮ! ಇಡೀ ಬೋಗೀಲಿ ಅವಳೊಬ್ಬಳೇ, ಕಾಲ ಹತ್ರ ಗಂಟು. ಪಕ್ಕದ ಸೀಟಲ್ಲಿ ಕೆಂಪು ಟವೆಲ್ಲು.

ಅವಳು ಟವೆಲ್ಲು ತೆಗೆದಳು, ನಾನು ಕೂತೆ. ಗಾಡಿ ಎಮ್ಮೆ ಹೋದಂಗೆ ಹೋಗ್ತಿತ್ತು. ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡೋಕೆ ಒಂದ್ಸಲ ನಿಲ್ತು, ಗೂಡ್ಸಿಗೆ ಇನ್ನೊಂದ್ಸಲ. ಬೇರೆ ದಿನವಾಗಿದ್ರೆ ಡ್ರೈವರಿಗೆ ಶಾಪ ಹಾಕ್ತಿದ್ದೆ. ಇವತ್ತು ಇನ್ನೂ ಸ್ವಲ್ಪ ನಿಲ್ಲಪ್ಪಾ ಅಂತ ಬೇಡ್ಕೊಂಡೆ, ಬಾಯಿ ಏಳ್ತಿರಲಿಲ್ಲ. ದೂರದಲ್ಲಿ ವೈಟ್‌ಫೀಲ್ಡಿನ ಕಟ್ಟಡಗಳು ಕಂಡಾಗ ಅವಳ ಕೈ ಹಿಡ್ಕೊಂಡೆ.

"ತಪ್ಪಾಯ್ತು ಕಣೇ. ಅಂಗನ್ನಬಾರದಿತ್ತು."

ಅವಳು ನನ್ನ ಕೈ ಸವರಿದ್ಲು. ಮೊದಲ್ನೇ ಗಾಡೀಲಿ ಯಾಕೆ ಹೋಗಲಿಲ್ಲ, ಮಾಲೂರಲ್ಲಿ ಹತ್ತೋಕೆ ಆಗಲಿಲ್ವಾ ಅಂತ ಕೇಳಿದೆ.

"ಹತ್ತಬಹುದಿತ್ತವ್ವಾ. ಅದ್ರಾಗ ಟವೆಲ್ ಹಾಕಾಕ ಜಾಗ ಇದ್ದಿಲ್ಲ."

ವೈಟ್‌ಫೀಲ್ಡ್ ಬಂತು. ಈರುಳ್ಳಿ ಒಂದಿನ ಬೇರೆಯವರು ಹೆಚ್ಚಲಿ ಅಂತ ನಾನು ಕೂತೇ ಇದ್ದೆ.